ತಿಂಗಳಿಗೆ ಎರಡು ದಿನದ ಕರ್ನಲ್

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಇಲ್ಲಿ ಅಮೆರಿಕದಲ್ಲಿ ಮಾಜಿ ಸೈನಿಕರನ್ನು ಗೌರವಿಸುವ ವೆಟರನ್ಸ್ ಡೇ ಹತ್ತಿರ ಬಂದಿರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದೊಂದು ರಜೆ. ಅದೂ ಎಲ್ಲ ಆಫೀಸಿನವರೂ ಕೊಡದ ರಜೆ. ಈ ಸಲ ಅದರ ಬಗ್ಗೆ ಬರೆಯಲು ಕಾರಣವಿದೆ. ನಮ್ಮ ಸಂಘದ ಒಂದಿಬ್ಬರು ಹುಡುಗ ಹುಡುಗಿಯರು ಕಾಲೇಜಿನಲ್ಲೇ ಆರ್‌ಓಟಿಸಿ ಎಂಬ ಸೇನಾ ಅಧಿಕಾರಿ ತರಬೇತಿ ಮುಗಿಸಿ ಇಲ್ಲಿನ ಅರೆಕಾಲಿಕ ಸೇನೆಯಾದ ಆರ್ಮಿ ರಿಸರ್ವ್ ಸೇರುವ ಮಾತಾಡುತ್ತಿದ್ದಾರೆ. ಅಪ್ಪ ಅಮ್ಮಂದಿರ ಪ್ರಶ್ನೆ ಒಂದೇ: "ರಿಸರ್ವ್ ಅಂದ್ರೆ ತಿಂಗಳಿಗೆ ಎರಡು ದಿನ ಅಷ್ಟೇ ಅಲ್ವಾ?"

ಶುರುವಿನಲ್ಲಿ ಅಷ್ಟೇ. ತಿಂಗಳಿಗೊಂದು ಶನಿವಾರ-ಭಾನುವಾರದ ಡ್ರಿಲ್, ವರ್ಷಕ್ಕೆ ಎರಡು ವಾರದ ತರಬೇತಿ. ಆ ಎರಡು ದಿನಕ್ಕೆ ನಾಲ್ಕು ದಿನದ ಮೂಲ ವೇತನ. ಲೆಫ್ಟಿನೆಂಟ್ ಮಟ್ಟದಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಕ್ಯಾಪ್ಟನ್ ಆಗಿ ಒಂದು ಕಂಪನಿಯ, ಅಂದರೆ ಸೈನಿಕರ ಒಂದು ತುಕಡಿಯ, ಹೊಣೆ ಬಂದಾಗ ಅದು ಅಲ್ಲಾಡತೊಡಗುತ್ತದೆ. ಅಂಥ ಹಲವು ಕಂಪನಿಗಳ ಬೆಟಾಲಿಯನ್ ನೋಡಿಕೊಳ್ಳುವ ಲೆಫ್ಟಿನೆಂಟ್ ಕರ್ನಲ್ ವಿಷಯದಲ್ಲಂತೂ ಪೂರ್ತಿ ಸುಳ್ಳು.

ಪರಿಚಯದವರೊಬ್ಬರು ಅಂಥ ಹುದ್ದೆಯಲ್ಲಿದ್ದಾರೆ. ಯುಗಾದಿ ಊಟಕ್ಕೆ ನಮ್ಮ ಜೊತೆ ಕೂತಿದ್ದರು. ಒಬ್ಬಟ್ಟಿಗೆ ತುಪ್ಪ ಬೀಳುವಷ್ಟರಲ್ಲಿ ಫೋನ್ ಬಂತು. ಎದ್ದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಎಲ್ಲೋ ಯುದ್ಧವೇ ಶುರುವಾಯಿತೇನೋ ಅಂದುಕೊಂಡೆ. ವಿಷಯ ಹಲ್ಲಿನದು! ಅವರ ಲಾರಿ ಡ್ರೈವರ್‌ಗಳಲ್ಲಿ ಕೆಲವರು ವರ್ಷದ ದಂತ ತಪಾಸಣೆ ಮಾಡಿಸಿರಲಿಲ್ಲ. ಅದು ಬಾಕಿ ಇದ್ದರೆ ಆ ಸೈನಿಕ ಕರೆ ಬಂದಾಗ ಹೊರಡಲು ಸಿದ್ಧ ಅಂತ ಲೆಕ್ಕಕ್ಕೆ ಬರುವುದಿಲ್ಲ. ಅಂಥವರು ಜಾಸ್ತಿಯಾದರೆ ಮೇಲಿನವರು ಕೇಳುವುದು ಕಮಾಂಡರನ್ನೇ. "ಇನ್ಮೇಲೆ ಎಲೆ ಹಾಕೋದು ಬೇಡ, ಫೋನಿಗೇ ಬಡಿಸ್ತೀನಿ" ಅಂದರು ಅವರ ಹೆಂಡತಿ. ಇಂಥ ಸಂಜೆಗಳ ಕೆಲಸಕ್ಕೆಲ್ಲ ಸಂಬಳ ಬರುತ್ತದೆ ಅಂದುಕೊಳ್ಳಬೇಡಿ.

ನನಗೆ ಕುತೂಹಲ ಹುಟ್ಟಿಸುವುದು ಈ ನಾಯಕತ್ವದ ರೀತಿ. ಪೂರ್ಣಾವಧಿ ಸೇನೆಯ ಕರ್ನಲ್‌ಗೆ ಜನ ದಿನಾ ಕಣ್ಣೆದುರು ಇರುತ್ತಾರೆ. ರಿಸರ್ವ್ ಅಧಿಕಾರಿಯ ಜನ ಭಾನುವಾರ ಸಂಜೆ ಚದುರಿಹೋಗುತ್ತಾರೆ. ಒಬ್ಬಳು ನರ್ಸ್, ಇನ್ನೊಬ್ಬ ಪ್ಲಂಬರ್, ಮತ್ತೊಬ್ಬ ದೊಡ್ಡ ಕಂಪನಿಯ ಮ್ಯಾನೇಜರ್. ಆ ಮ್ಯಾನೇಜರ್ ಇಲ್ಲಿ ಬರೀ ಸಾರ್ಜೆಂಟ್ ಇರಬಹುದು, ಅವನಿಗೆ ಆಜ್ಞೆ ಕೊಡುವ ಮೇಜರ್ ವಾರವಿಡೀ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿರಬಹುದು. ಇಲ್ಲಿ ಸುಮ್ನೆ ಗದರಿಸಿ ಕೆಲಸ ಮಾಡಿಸಲು ಹೋದರೆ ಕರಾರು ಮುಗಿದ ತಕ್ಷಣ ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಾರೆ.

ಮೇಲೇರುವ ಲೆಕ್ಕಾಚಾರ ಬೇರೆಯೇ. ಡ್ರಿಲ್, ತರಬೇತಿಗಳಿಗೆ ಅಂಕ ಸಿಗುತ್ತದೆ, ವರ್ಷಕ್ಕೆ ಕನಿಷ್ಠ 50 ಗಳಿಸಿದರೆ ಅದು ಲೆಕ್ಕಕ್ಕೆ ಬರುವ ವರ್ಷ. ಅಂಥ 20 ವರ್ಷ ಆದರೆ ಪಿಂಚಣಿ, ಅದೂ ಸಾಮಾನ್ಯವಾಗಿ 60 ತುಂಬಿದ ಮೇಲೆ. ಲೆಫ್ಟಿನೆಂಟ್ ಕರ್ನಲ್ ಆದಮೇಲೆ ಹುದ್ದೆಗಳು ಕಡಿಮೆ. ಒಳ್ಳೆಯ ಕಮಾಂಡ್ ಬೇರೆ ರಾಜ್ಯದಲ್ಲಿ ಸಿಕ್ಕರೆ ಡ್ರಿಲ್ಲಿಗೆ ವಿಮಾನದಲ್ಲಿ ಓಡಾಡುವವರಿದ್ದಾರೆ. ಕಾರ್ಲೈಲ್‌ನ ಆರ್ಮಿ ವಾರ್ ಕಾಲೇಜಿನ ಕೋರ್ಸನ್ನು ಎರಡು ವರ್ಷ ದೂರಶಿಕ್ಷಣದಲ್ಲಿ, ಆಫೀಸಿನ ಕೆಲಸದ ಜೊತೆಗೇ ಮುಗಿಸುತ್ತಾರೆ. ಬಡ್ತಿ ಸಿಗದಿದ್ದರೆ, ಅಧಿಕಾರಿಯಾಗಿ 28 ವರ್ಷ ಸೇವೆಯಾದಾಗ ಲೆಫ್ಟಿನೆಂಟ್ ಕರ್ನಲ್, 30 ವರ್ಷವಾದಾಗ ಕರ್ನಲ್ ಸಾಮಾನ್ಯವಾಗಿ ಹೊರಬೀಳಬೇಕು.

ತುದಿ ಮುಟ್ಟಿದವರೂ ಇದ್ದಾರೆ. 2006ರಿಂದ 2012ರವರೆಗೆ ಆರ್ಮಿ ರಿಸರ್ವ್ ಮುಖ್ಯಸ್ಥರಾಗಿದ್ದ ಜ್ಯಾಕ್ ಸ್ಟಲ್ಟ್ಜ್ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು. 2020ರಲ್ಲಿ ಆ ಕುರ್ಚಿಗೆ ಬಂದ ಮೊದಲ ಮಹಿಳೆ ಜೋಡಿ ಡೇನಿಯಲ್ಸ್ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ, ಲಾಕ್‌ಹೀಡ್ ಮಾರ್ಟಿನ್‌ನಲ್ಲಿ ಕೆಲಸ ಮಾಡಿದವರು. ಹಳಬರಲ್ಲಿ ನನಗೆ ಇಷ್ಟ ಹ್ಯಾರಿ ಟ್ರೂಮನ್. ಮೊದಲ ಮಹಾಯುದ್ಧ ಮುಗಿಸಿ ಬಂದು ಕ್ಯಾನ್ಸಸ್ ಸಿಟಿಯಲ್ಲಿ ಗಂಡಸರ ಬಟ್ಟೆ ಅಂಗಡಿ ಇಟ್ಟರು. ಅಂಗಡಿ ಮುಳುಗಿತು, ರಿಸರ್ವ್ ಮಾತ್ರ ಬಿಡಲಿಲ್ಲ, ಕರ್ನಲ್ ಆದರು. ಎರಡನೇ ಮಹಾಯುದ್ಧದ ಹೊತ್ತಿಗೆ ಸೆನೆಟರ್. ನನ್ನನ್ನೂ ಸೇವೆಗೆ ಕರೆಸಿಕೊಳ್ಳಿ ಎಂದು ಆಗಿನ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಹತ್ತಿರ ಹೋದರೆ, ನಿಮಗೆ ವಯಸ್ಸಾಯಿತು ಅಂದುಬಿಟ್ಟರಂತೆ. ಕೆಲವೇ ವರ್ಷಗಳಲ್ಲಿ ಅದೇ ಮಾರ್ಷಲ್ ಅಧ್ಯಕ್ಷ ಟ್ರೂಮನ್ ಕೈಕೆಳಗೆ ಮಂತ್ರಿಯಾದರು!

ಇಷ್ಟೆಲ್ಲ ಏಣಿ ಹತ್ತುವವರನ್ನು ನೋಡಿದ ಮೇಲೆ 2025ರ ಜೂನ್‌ನ ಸುದ್ದಿ ನನಗೆ ಸ್ವಲ್ಪ ಚುಚ್ಚಿತು. ಡಿಟ್ಯಾಚ್‌ಮೆಂಟ್ 201 ಎಂಬ ಹೆಸರಿನಲ್ಲಿ ನಾಲ್ವರು ಟೆಕ್ ದಿಗ್ಗಜರು ಆರ್ಮಿ ರಿಸರ್ವ್‌ನಲ್ಲಿ ನೇರವಾಗಿ ಲೆಫ್ಟಿನೆಂಟ್ ಕರ್ನಲ್ ಆದರು. ಅವರಲ್ಲಿ ಪಲಾಂಟಿರ್ ಎಂಬ ಸಾಫ್ಟ್‌ವೇರ್ ಕಂಪನಿಯ ಶ್ಯಾಮ್ ಶಂಕರ್ ಭಾರತೀಯ ಮೂಲದವರು, ಹಾಗಾಗಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಭಿನಂದನೆಯ ಸುರಿಮಳೆ. ಡಾಕ್ಟರು, ವಕೀಲರನ್ನು ನೇರ ಅಧಿಕಾರಿ ಮಾಡುವ ಪದ್ಧತಿ ಹಿಂದಿನಿಂದಲೂ ಇದೆ, ಒಪ್ಪಿದೆ. ಸೇನೆಗೆ ಅವರ ತಿಳಿವಳಿಕೆ ಬೇಕು, ಅದೂ ಸರಿಯೇ. ಆದರೆ ಬೇರೆಯವರು ಹದಿನೈದು ಹದಿನಾರು ವರ್ಷ ಸವೆಸಿ ಪಡೆಯುವ ರ‍್ಯಾಂಕನ್ನೇ ಮೊದಲ ದಿನ ಕೊಡಬೇಕಿತ್ತೇ? ಸಲಹೆಗಾರ ಎಂದು ಕರೆದಿದ್ದರೆ ಸಾಕಿತ್ತು ಅನ್ನಿಸುತ್ತದೆ.

ಊರಿನ ಕಡೆ, ಭಾರತದಲ್ಲೂ, ಇಂಥ ಅರೆಕಾಲಿಕ ಸೇನೆ ಇದೆ, ಟೆರಿಟೋರಿಯಲ್ ಆರ್ಮಿ (ಟಿ.ಎ.). ಕಾರ್ಯಪ್ಪನವರು ದಂಡನಾಯಕರಾಗಿದ್ದ 1949ರಲ್ಲಿ ಶುರುವಾದದ್ದು. ಅದರ ಹೆಸರೆತ್ತಿದರೆ ಜನಕ್ಕೆ ನೆನಪಾಗುವುದು ಧೋನಿ. ಅವರದು ಗೌರವ ಹುದ್ದೆ. ನಿಜವಾದ ಟಿ.ಎ. ಅಧಿಕಾರಿ ಬೇರೆ ಉದ್ಯೋಗ ಮಾಡುತ್ತಲೇ ಪರೀಕ್ಷೆ, ಸಂದರ್ಶನ ಪಾಸಾಗಿ ಬಂದವನು. ಒಡಿಶಾದ ಕೆ. ಪಿ. ಸಿಂಗ್ ದೇವ್ ಕೇಂದ್ರ ಮಂತ್ರಿಯೂ ಆದರು, ಟಿ.ಎ. ಬ್ರಿಗೇಡಿಯರೂ ಆದರು.

ಮತ್ತೆ ಅಪ್ಪ ಅಮ್ಮಂದಿರಿಗೆ. ಗ್ರೀನ್ ಕಾರ್ಡ್ ಇದ್ದರೆ ಸೈನಿಕರಾಗಿ ಸೇರಬಹುದು, ಅಧಿಕಾರಿಯಾಗಲು ಸಾಮಾನ್ಯವಾಗಿ ಪೌರತ್ವ ಬೇಕು. ಸಾಮಾನ್ಯ ಕರಾರು ಒಟ್ಟು ಎಂಟು ವರ್ಷದ್ದು. ಕರೆ ಬಂದರೆ ವರ್ಷಗಟ್ಟಲೆ ಹೊರಗೆ ಹೋಗಬೇಕಾಗಬಹುದು. ಹಾಗೆ ಹೋದವರ ಕೆಲಸ ಉಳಿಸಲು 1994ರ ಯುಸೆರಾ ಕಾನೂನು ಇದೆ: ಒಟ್ಟು ಐದು ವರ್ಷದವರೆಗಿನ ಗೈರುಹಾಜರಿಗೆ ಮಾಲೀಕರು ಕೆಲಸ ವಾಪಸ್ ಕೊಡಬೇಕು, ಇಲ್ಲೇ ಇದ್ದಿದ್ದರೆ ಸಿಗುತ್ತಿದ್ದ ಬಡ್ತಿಯ ಸಮೇತ. ಆದರೂ ಹೋಗುವಾಗ ಕೈಯಲ್ಲಿದ್ದ ಒಳ್ಳೆಯ ಪ್ರಾಜೆಕ್ಟ್ ಬಂದಾಗಲೂ ನಿಮ್ಮದೇ ಆಗಿರುತ್ತದೆ ಎಂದು ಯಾವ ಕಾನೂನೂ ಬರೆದುಕೊಡುವುದಿಲ್ಲ. ಮಕ್ಕಳು ಸಹಿ ಹಾಕುವ ಮುಂಚೆ ಆ ಕಾಗದವನ್ನು ಅವರ ಜೊತೆ ಕೂತು ಓದಿ. ನೇಮಕಾತಿ ಆಫೀಸಿನವರ ಮಾತಿನ ಜೊತೆಗೆ, ಹತ್ತು ವರ್ಷ ಡ್ರಿಲ್ ಮಾಡಿದ ಯಾರನ್ನಾದರೂ ಕೇಳಿ. ಸಂಘದ ಸದಸ್ಯರಲ್ಲಿ ಅಂಥವರಿದ್ದರೆ ಮುಂದಿನ ಸಂಚಿಕೆಗೆ ದಯವಿಟ್ಟು ಎರಡು ಪುಟ ಬರೆದು ಕಳಿಸಿ, ಜಾಗ ಇಟ್ಟಿರುತ್ತೇನೆ.