ಶಾಸಕರೇ, ಓಪನ್ ಜಿಮ್ ಸಾಕು, ಜನರ ಜೊತೆ ಕೂತು ಮಾತಾಡೋರನ್ನ ಕೊಡಿ

ಮಾನ್ಯ ಶಾಸಕರಿಗೆ, ಬೇಲೂರು ಕ್ಷೇತ್ರ

ನಮಸ್ಕಾರ ಸರ್,

ರಸ್ತೆ, ನೀರು, ಆನೆ ಕಾಟ, ಇಷ್ಟು ಬಿಟ್ಟು ಬೇರೆ ವಿಷ್ಯಕ್ಕೆ ನಿಮಗೆ ಪತ್ರ ಬರೆಯೋರು ಕಮ್ಮಿ ಅಂತ ಗೊತ್ತು. ನಾನು ಬರೀತಿರೋದು ವ್ಯಾಯಾಮದ ಬಗ್ಗೆ. ನಗಬೇಡಿ, ಪೂರ್ತಿ ಓದಿ. ನಮ್ ತಾಲ್ಲೂಕಲ್ಲಿ "ವಾಕಿಂಗ್ ಮಾಡಿ" ಅಂತ ಹೇಳೋರು ಬೇಕಾದಷ್ಟು ಜನ ಇದಾರೆ, ಆದ್ರೆ ನಿಮ್ಮ ಮನೆ ಪರಿಸ್ಥಿತೀಲಿ ಅದು ಹೆಂಗಾಗುತ್ತೆ ಅಂತ ಕೂರಿಸ್ಕೊಂಡು ಕೇಳಿ, ಒಂದು ದಾರಿ ಹೇಳಿಕೊಟ್ಟು, ಹದಿನೈದು ದಿನ ಬಿಟ್ಟು ಫೋನ್ ಮಾಡಿ "ಏನಾಯ್ತಮ್ಮ, ಶುರು ಮಾಡಿದ್ರಾ" ಅಂತ ವಿಚಾರಿಸೋರು ಒಬ್ರೂ ಇಲ್ಲ. ಅಂಥೋರನ್ನ ನೇಮಿಸಿ ಅನ್ನೋದೇ ನನ್ನ ಕೋರಿಕೆ.

ನಂದು ಮೆಡಿಕಲ್ ಶಾಪು. ಜನ ಎಲ್ಲಾ ನಡೆಯೋಕೆ ಶುರು ಮಾಡಿದ್ರೆ ನಂಗೇ ವ್ಯಾಪಾರ ಕಮ್ಮಿ, ಆದ್ರೂ ಬರೀತಿದೀನಿ ಅಂದ್ರೆ ಅರ್ಥ ಮಾಡ್ಕೊಳಿ. ದಿನಾ ನನ್ ಕೌಂಟರಿಗೆ ಬರೋ ಚೀಟಿಗಳಲ್ಲಿ ಮೇಲೆ ಶುಗರಿನ ಮೆಟ್‌ಫಾರ್ಮಿನ್, ಬಿಪಿಯ ಆಮ್ಲೊಡಿಪಿನ್, ಟೆಲ್ಮಿಸಾರ್ಟಾನ್ ಇರುತ್ತೆ, ಕೆಳಗೆ ಮೂಲೇಲಿ ಇಂಗ್ಲಿಷಲ್ಲಿ ಗೀಚಿದ ಹಾಗೆ "ವಾಕ್ 30 ಮಿನಿಟ್ಸ್" ಅಂತ ಇರುತ್ತೆ. ಮೊನ್ನೆ ಒಬ್ರು ಅಮ್ಮ, ಹಳೇಬೀಡು ಕಡೆಯೋರು, ಎಲ್ಲಾ ಮಾತ್ರೆ ಎಣಿಸಿ ಕವರಿಗೆ ಹಾಕ್ಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು "ಇದೊಂದು ಕೊಟ್ಟಿಲ್ವಲ್ಲಪ್ಪಾ" ಅಂದ್ರು. ನಡೀಬೇಕಂತೆ ಅಮ್ಮಾ ಅಂದೆ. "ಎಲ್ಲಿಗೆ?" ಅಂದ್ರು. ಅವರು ತಮಾಷೆ ಮಾಡ್ತಿರ್ಲಿಲ್ಲ ಸರ್. ಬೆಳಗ್ಗೆ ಎದ್ರೆ ಹಾಲು ಕರೀಬೇಕು, ಡೈರಿಗೆ ಹಾಕ್ಬೇಕು, ಮೊಮ್ಮಕ್ಕಳನ್ನ ಸ್ಕೂಲ್ ವ್ಯಾನ್ ಹತ್ತಿಸ್ಬೇಕು, ಮಧ್ಯಾಹ್ನದ ಮೇಲೆ ಮಂಡಿ ನೋವಂತ ಕಾಲು ನೀಡ್ಕೊಂಡು ಟಿವಿ ಮುಂದೆ ಕೂತ್ರೆ ಸಂಜೆವರೆಗೂ ಅಲ್ಲೇ, ಸುಮ್ ಸುಮ್ನೆ ಊರೊಳಗೆ ರೋಡಲ್ಲಿ ಹೋದ್ರೆ ನಾಲ್ಕು ಜಗಲಿಯಿಂದ "ಎಲ್ಲಿಗ್ ಹೊರಟ್ರಿ" ಅಂತ ಕೇಳ್ತಾರೆ, ಏನಂತ ಹೇಳೋದು ಅಂದ್ರು. ಡಾಕ್ಟ್ರಿಗೆ ಇದನ್ನೆಲ್ಲಾ ಕೇಳೋಕೆ ಟೈಮಿಲ್ಲ, ಹೊರಗೆ ಕ್ಯೂ ನಿಂತಿರುತ್ತೆ, ಅವರನ್ನ ಬೈಯೋದ್ರಲ್ಲಿ ಅರ್ಥ ಇಲ್ಲ.

ಬಿಕ್ಕೋಡು, ಅರೇಹಳ್ಳಿ ಕಡೆಯೋರದ್ದು ಇನ್ನೊಂದು ಕಥೆ. ಬೆಳಗ್ಗೆ ಐದೂವರೆಗೆ ಎದ್ದು ನಡೀರಿ ಅಂದ್ರೆ ತೋಟದ ರೋಡಲ್ಲಿ ಆನೆ ನಿಂತಿರುತ್ತೆ, ಎಷ್ಟು ಜನ ಪ್ರಾಣ ಕಳ್ಕೊಂಡಿದಾರೆ ಅಂತ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಅಲ್ಲಿಯೋರಿಗೆ ಬೆಂಗಳೂರಿನ ಪಾರ್ಕ್ ವಾಕಿಂಗ್ ಸಲಹೆ ಕೊಟ್ರೆ ಏನುಪಯೋಗ. ಬಿಸಿಲು ಬಂದ್ಮೇಲೆ ಕಣದಲ್ಲೇ ಹತ್ತು ಹತ್ತು ನಿಮಿಷ ನಡೀರಿ, ಮನೆ ಒಳಗೆ ಕುರ್ಚಿ ಹಿಡ್ಕೊಂಡು ಎದ್ದು ಕೂತು ಮಾಡಿ ಅಂತ ಹೇಳೋಕೆ ಆ ಜಾಗ ಗೊತ್ತಿರೋ ಮನುಷ್ಯನೇ ಬೇಕು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಗೈಡ್‌ಲೈನ್ ತಂದಾಗ, ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರ್ಲೇಬೇಕು ಅಂತಿದ್ದ ಹಳೇ ಷರತ್ತನ್ನೂ ತೆಗೆದು ಹಾಕ್ತು, ಐದು ನಿಮಿಷ ಆದ್ರೂ ಲೆಕ್ಕಕ್ಕೆ ಬರುತ್ತೆ, ಒಟ್ಟು ವಾರಕ್ಕೆ 150ರಿಂದ 300 ನಿಮಿಷ ಆಗ್ಬೇಕು ಅಷ್ಟೆ, ಜೊತೆಗೆ ವಾರದಲ್ಲಿ ಎರಡು ದಿನ ಮಾಂಸಖಂಡ ಗಟ್ಟಿ ಆಗೋ ಥರದ್ದು. ಇದು ನಮ್ ಜನಕ್ಕೆ ಯಾರು ಹೇಳಿದಾರೆ?

"ಹಳ್ಳಿ ಜನ ದುಡಿಯೋರು, ಅವ್ರಿಗ್ಯಾಕೆ ವ್ಯಾಯಾಮ" ಅಂತ ನಿಮ್ ಪಕ್ಕ ಕೂತಿರೋರು ಯಾರಾದ್ರೂ ಹೇಳೇ ಹೇಳ್ತಾರೆ. ತೋಟದಲ್ಲಿ ಕಾಫಿ ಕುಯ್ಯೋ ಹೆಂಗಸ್ರಿಗೆ, ಶುಂಠಿ ಕೀಳೋರಿಗೆ ನಾನೂ ಹೇಳಲ್ಲ, ಅವ್ರಿಗೆ ಬೇಕಾಗಿರೋದು ರೆಸ್ಟು. ಆದ್ರೆ ತೋಟದ ಮಾಲೀಕ ಜೀಪಿಂದ ಇಳಿಯಲ್ಲ, ಮಾದಿಹಳ್ಳಿ ಕಡೆ ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಪಕ್ಕದ ಬೀದಿ ಅಂಗಡಿಗೂ ಸ್ಕೂಟಿ, ಆಟೋದವ್ರು, ಟೂರಿಸ್ಟ್ ಕ್ಯಾಬಿನವ್ರು, ಟೈಲರ್, ನನ್ನಂಥ ಅಂಗಡಿಯವ್ರು, ರಿಟೈರ್ ಆದ ಮೇಷ್ಟ್ರು, ಎಲ್ಲಾ ಕೂತಿದ್ದೇ ಕೂತಿದ್ದು. 2024ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ ನಮ್ ದೇಶದಲ್ಲಿ ದೊಡ್ಡೋರಲ್ಲಿ ಹತ್ತಿರತ್ತಿರ ಅರ್ಧ ಜನ ಸಾಕಷ್ಟು ಓಡಾಡಲ್ಲ, ಹೆಂಗಸ್ರಲ್ಲಿ 57 ಪರ್ಸೆಂಟು, ಗಂಡಸ್ರಲ್ಲಿ 42. ಪ್ರಪಂಚದ ಸರಾಸರಿ 31.

2025ರ ಜೂನ್ ಜುಲೈ ನಿಮಗೆ ನೆನಪಿದೆ ತಾನೇ. ಹಾಸನ ಅಂದ್ರೆ ಸಾಕು ಟಿವಿಯವ್ರು ಹಾರ್ಟ್ ಅಟ್ಯಾಕ್ ಅಂತಿದ್ರು, ಜನ ಗಾಬರಿ ಬಿದ್ದು ಮೈಸೂರು ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತ್ರು. ಸರ್ಕಾರ ತಜ್ಞರ ಸಮಿತಿ ಮಾಡ್ತು, ಹಾಸನದಲ್ಲಿ ವಿಪರೀತ ಏರಿಕೆ ಏನೂ ಆಗಿಲ್ಲ ಅಂತ ವರದಿ ಬಂತು, ಶುಗರ್, ಬಿಪಿ, ಸಿಗರೇಟು, ಕುಡಿತ ಇಂಥ ಹಳೇ ಕಾರಣಗಳೇ ಮತ್ತೆ ಎದ್ದು ಬಂದ್ವು. ಆ ಟೈಮಲ್ಲಿ ನಮ್ ವಿಷ್ಣುಸಮುದ್ರ ಕೆರೆ ಕಡೆ ವಾಕಿಂಗಿಗೆ ಬರೋರ ಗುಂಪು ನೋಡ್ಬೇಕಿತ್ತು ನೀವು, ಹೊಸ ಶೂ, ಹೊಸ ಟ್ರ್ಯಾಕ್ ಪ್ಯಾಂಟು. ದೀಪಾವಳಿ ಹೊತ್ತಿಗೆ ಮತ್ತೆ ಹಳೇ ನಾಲ್ಕು ಜನ ಮಾತ್ರ. ಭಯ ಜನರನ್ನ ಮನೆಯಿಂದ ಹೊರಗೆ ತಳ್ಳುತ್ತೆ ಸರ್, ಆದ್ರೆ ದಿನಾ ತಳ್ಳೋ ಶಕ್ತಿ ಅದಕ್ಕಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ತಾಲ್ಲೂಕು ಆಸ್ಪತ್ರೇಲೇ ಇಸಿಜಿ ಮಾಡಿ ದುಬಾರಿ ಇಂಜೆಕ್ಷನ್ ಫ್ರೀಯಾಗಿ ಕೊಡೋದು ಒಳ್ಳೇ ಕೆಲಸ, ಮನಸ್ಸಿಂದ ಹೇಳ್ತೀನಿ, ಆದ್ರೆ ಅದು ಎದೆ ಹಿಡ್ಕೊಂಡು ಬಿದ್ಮೇಲೆ.

ಇನ್ನೊಂದು ವಿಚಿತ್ರ ಕೇಳಿ. ನಮ್ ಆಶಾ ಅಕ್ಕಂದಿರ ಹತ್ರ ಒಂದು ಫಾರ್ಮ್ ಇದೆ, ಸಿ-ಬ್ಯಾಕ್ ಅಂತಾರೆ. 30 ವರ್ಷ ದಾಟಿದೋರ ಮನೆ ಮನೆಗೆ ಹೋಗಿ ತುಂಬಿಸ್ತಾರೆ. ವಯಸ್ಸು, ಬೀಡಿ ಗುಟ್ಕಾ, ಕುಡಿತ, ಸೊಂಟದ ಸುತ್ತಳತೆ, ಮನೇಲಿ ಯಾರಿಗಾದ್ರೂ ಬಿಪಿ ಶುಗರ್ ಇದೆಯಾ, ಅದರ ಜೊತೆಗೇ "ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ ಮಾಡ್ತೀರಾ" ಅನ್ನೋ ಪ್ರಶ್ನೇನೂ ಇದೆ. ಇಲ್ಲ ಅಂದ್ರೆ ಒಂದು ಮಾರ್ಕು, ಒಟ್ಟು 4 ದಾಟಿದ್ರೆ ತಪಾಸಣೆಗೆ ಮೊದಲು ಕಳಿಸ್ತಾರೆ. ಅಂದ್ರೆ ಯಾರು ಕೂತಲ್ಲೇ ಕೂತಿರೋರು ಅನ್ನೋದು ಸರ್ಕಾರಕ್ಕೆ ಹೆಸರು ಸಮೇತ ಗೊತ್ತು! ಆ ಮಾರ್ಕು ಹಾಕಿದ್ಮೇಲೆ ಆ ಮನುಷ್ಯನಿಗೆ ಏನು ಮಾಡ್ಬೇಕು ಅಂದ್ರೆ ಆರೋಗ್ಯ ಮಂದಿರದಲ್ಲಿ ಯೋಗ ಇದೆ ಬನ್ನಿ ಅಂತಾರೆ, ಜೂನ್ 21ರ ಯೋಗ ದಿನಕ್ಕೆ ಫೋಟೋ ತೆಗೀತಾರೆ.

ನ್ಯೂಜಿಲೆಂಡಲ್ಲಿ ಇದಕ್ಕೆ ಏನು ಮಾಡಿದ್ರು ಅಂತ ಓದಿದೀನಿ, 1998ರಿಂದ ಅಲ್ಲಿ "ಗ್ರೀನ್ ಪ್ರಿಸ್ಕ್ರಿಪ್ಷನ್" ಅಂತ ನಡೀತಿದೆ. ಡಾಕ್ಟ್ರು ಅಥವಾ ನರ್ಸು ರೋಗಿ ಜೊತೆ ಮಾತಾಡಿ ಇಂಥದ್ದು ಇಷ್ಟು ಮಾಡಿ ಅಂತ ಚೀಟಿ ಬರೀತಾರೆ, ಆ ಚೀಟಿ ವ್ಯಾಯಾಮದ ತರಬೇತಿ ಇರೋ ಒಬ್ರಿಗೆ ಹೋಗುತ್ತೆ, ಅವರು ಮುಂದಿನ ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ ಫೋನ್ ಮಾಡ್ತಾರೆ. ಅಲ್ಲಿನ ವೈಕಾಟೋ ಪ್ರದೇಶದ 42 ಕ್ಲಿನಿಕ್ಕಲ್ಲಿ 40ರಿಂದ 79 ವಯಸ್ಸಿನ 878 ಜನರ ಮೇಲೆ ಇದನ್ನ ಪರೀಕ್ಷೆ ಮಾಡಿ 2003ರಲ್ಲಿ ಫಲಿತಾಂಶ ಹೊರಗೆ ಹಾಕಿದ್ರು. ಒಂದು ವರ್ಷ ಆದ್ಮೇಲೆ, ವಾರಕ್ಕೆ ಎರಡೂವರೆ ಗಂಟೆ ಮುಟ್ಟಿದೋರು, ಈ ಸಲಹೆ ಸಿಗದೇ ಇದ್ದೋರ ಗುಂಪಿಗಿಂತ ನೂರಕ್ಕೆ ಸುಮಾರು ಹತ್ತು ಜನ ಜಾಸ್ತಿ ಇದ್ರು. ಹತ್ತೇನಾ ಅನ್ಬೇಡಿ ಸರ್. ಒಂದು ಚೀಟಿ, ಮೂರು ಫೋನ್ ಕಾಲಿಗೆ ಹತ್ತು ಜನ. ಬಯಲಲ್ಲಿ ಕಬ್ಬಿಣದ ವ್ಯಾಯಾಮ ಮೆಷಿನ್ ನಿಲ್ಲಿಸೋ ಓಪನ್ ಜಿಮ್ ಹಾಕಿದ್ಮೇಲೆ ನೂರಕ್ಕೆ ಎಷ್ಟು ಜನ ಬದಲಾದ್ರು ಅಂತ ಯಾರಾದ್ರೂ ಎಣಿಸಿದಾರಾ? ನಾನು ನೋಡಿರೋ ಒಂದ್ರಲ್ಲಿ ಮಕ್ಕಳು ಜೋಕಾಲಿ ಆಡ್ತವೆ, ಪೆಡಲ್ ಮೇಲೆ ಯಾರೋ ಬಟ್ಟೆ ಒಣಗಾಕಿದ್ರು.

ನಾನು ಕೇಳ್ತಿರೋದು ಜಿಮ್ ಟ್ರೈನರ್ ಅಲ್ಲ, ಅದನ್ನ ಸ್ಪಷ್ಟ ಮಾಡ್ಬಿಡ್ತೀನಿ. ಮೊದಲು ಕೇಳಿಸ್ಕೊಳೋ ಗುಣ ಇರೋರು ಬೇಕು. ಜೊತೆಗೆ ಸ್ವಲ್ಪ ಆರೋಗ್ಯದ ತಿಳುವಳಿಕೆ, ಯಾಕಂದ್ರೆ ಶುಗರಿಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತಗೊಳೋರು ಖಾಲಿ ಹೊಟ್ಟೇಲಿ ಬಿರಬಿರನೆ ನಡೆದ್ರೆ ಶುಗರ್ ಇಳಿದು ಬೆವತು ಬೀಳ್ಬಹುದು, ಜೇಬಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್ ಇರ್ಬೇಕು ಅಂತ ಹೇಳೋರು ಬೇಕು. ಶುಗರ್‌ನಿಂದ ಪಾದ ಜೋಮು ಹಿಡಿದೋರು ಹವಾಯಿ ಚಪ್ಪಲೀಲಿ ನಡೆದು ಗುಳ್ಳೆ ಎದ್ರೂ ಗೊತ್ತಾಗಲ್ಲ, ಅದು ಹುಣ್ಣಾಗುತ್ತೆ. ನಡೆಯೋವಾಗ ಎದೆ ಬಿಗಿ ಹಿಡಿಯುತ್ತೆ ಅಂದೋರಿಗೆ ಧೈರ್ಯ ಹೇಳೋದಲ್ಲ, ಆವತ್ತೇ ಡಾಕ್ಟ್ರ ಹತ್ರ ಕಳಿಸ್ಬೇಕು. ಮಂಡಿ ನೋವಿಗೆ ಕೂತ್ಕೊಂಡೇ ಕಾಲು ಎತ್ತಿ ಹಿಡಿಯೋ ವ್ಯಾಯಾಮದಿಂದ ಶುರು ಮಾಡಿಸ್ಬೇಕು.

ದುಡ್ಡೆಲ್ಲಿಂದ ಅಂತ ಕೇಳ್ತೀರ. ನಿಮ್ಮ ಶಾಸಕರ ನಿಧಿ ಕಟ್ಟಡ, ಮೆಷಿನ್ನು ಇಂಥದ್ದಕ್ಕೇ ಹೋಗೋದು, ಅದಕ್ಕೇ ಊರೂರಲ್ಲಿ ಕಬ್ಬಿಣ ನಿಂತಿದೆ, ಮನುಷ್ಯರಿಲ್ಲ. ಆದ್ರೆ ತಾಲ್ಲೂಕು ಆಸ್ಪತ್ರೆ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು, ಇಲಾಖೆಗಳ ಕೆಲಸ ಪರಿಶೀಲಿಸೋ ತಾಲ್ಲೂಕು ಕೆಡಿಪಿ ಸಭೆ ನಡೆಸೋದೂ ನೀವೇ. ಫಿಸಿಯೋಥೆರಪಿ (ಬಿಪಿಟಿ), ದೈಹಿಕ ಶಿಕ್ಷಣ (ಬಿಪಿಎಡ್) ಓದಿ ಕೆಲಸ ಇಲ್ದೇ ಬೆಂಗಳೂರಿಗೆ ಹೋಗೋ ಹುಡುಗ ಹುಡುಗೀರು ನಮ್ಮಲ್ಲೇ ಇದಾರೆ, ಇಬ್ಬರನ್ನ ತಗೊಂಡು ಒಂದು ವರ್ಷ ಪ್ರಯೋಗ ಮಾಡಿ, ಅದ್ರಲ್ಲಿ ಒಬ್ರು ಹೆಂಗಸು ಇರ್ಲೇಬೇಕು, ಇಲ್ಲಾಂದ್ರೆ ಆ ಹಳೇಬೀಡಿನ ಅಮ್ಮನಂಥೋರು ಬಾಯೇ ಬಿಡಲ್ಲ. ಅದೂ ಆಗಲ್ವಾ, ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳಿಗೆ ಇರೋ ಸರ್ಕಾರದ ಎನ್‌ಸಿಡಿ ಕಾರ್ಯಕ್ರಮದ ಗೈಡ್‌ಲೈನಲ್ಲೇ ಆಪ್ತಸಮಾಲೋಚಕರ ಹುದ್ದೆ ಅಂತ ಇದೆ, ಅವ್ರಿಗೆ ಈ ಕೆಲಸದ ತರಬೇತಿ ಕೊಟ್ಟು ಒಂದು ಫೋನು, ಒಂದು ರಿಜಿಸ್ಟರ್ ಕೊಡ್ಸಿ. ಆಶಾ ಅಕ್ಕಂದಿರ ತಲೆ ಮೇಲೆ ಮಾತ್ರ ಇದನ್ನೂ ಹೇರ್ಬೇಡಿ, ಈಗಿರೋ ಗೌರವಧನಕ್ಕೇ ಅವರು ಬೀದೀಲಿ ಧರಣಿ ಕೂರೋ ಹಾಗಾಗಿದೆ.

ಶುರುವಿಗೆ ಇಡೀ ತಾಲ್ಲೂಕು ಬೇಡ. ಹಳೇಬೀಡು ಹೋಬಳಿ ಒಂದು, ಬಿಕ್ಕೋಡು ಹೋಬಳಿ ಒಂದು, ಬಯಲುಸೀಮೆ ಒಂದು ಮಲೆನಾಡು ಒಂದು ಆಯ್ತು. ಸಿ-ಬ್ಯಾಕಲ್ಲಿ 4 ದಾಟಿದೋರ ಪಟ್ಟಿ ಹೇಗೂ ಇದೆ. ಮುಂದಿನ ರಕ್ಷಾ ಸಮಿತಿ ಸಭೆ ಯಾವಾಗ ಅಂತ ಒಂದು ಪೋಸ್ಟ್ ಹಾಕಿಸಿ ಸರ್, ಈ ವಿಷ್ಯ ಅಜೆಂಡಾದಲ್ಲಿ ಇದೆಯೋ ಇಲ್ವೋ ಅಂತಾನೂ ಅದ್ರಲ್ಲೇ ತಿಳಿಸಿ. ಇಲ್ಲ ಅಂದ್ರೂ ಇಲ್ಲ ಅಂತ ಹೇಳ್ಬಿಡಿ.

ಇಂತಿ,
ಬೇಲೂರಿನ ಒಬ್ಬ ಮೆಡಿಕಲ್ ಅಂಗಡಿಯವನು