ಸೂಜಿಗೆ ಜಾಗ ಹುಡುಕೋದು: ಪುಟ್ಟಿಗೊಂದು ಪತ್ರ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು "ದೊಡ್ಡಮ್ಮ, ಇನ್ಮೇಲೆ ಬಿ12 ಇಂಜೆಕ್ಷನ್ ನಾನೇ ಹಾಕ್ಕೋಬೇಕಂತೆ, ನರ್ಸ್ ಒಂದ್ಸಲ ತೋರ್ಸಿದ್ರು, ಮನೆಗೆ ಬಂದ್ಮೇಲೆ ಎಲ್ಲಿ ಚುಚ್ಚಬೇಕು ಅನ್ನೋದೇ ಮರ್ತೋಯ್ತು" ಅಂದಾಗ ನಗು ಬಂತು, ರಾತ್ರಿ ಮಲಗಿದ್ಮೇಲೆ ಮಾತ್ರ ನಿದ್ದೆ ಬರ್ಲಿಲ್ಲ. 30 ವರ್ಷ ಬೇರೆಯವ್ರಿಗೆ ಚುಚ್ಚಿದ ಕೈ ಇದು, ಸುಮ್ನೆ ಇರು ಅಂದ್ರೆ ಇರತ್ತಾ? ಅದಕ್ಕೇ ಬರೆದು ಕಳಿಸ್ತಿದೀನಿ, ಹಾಕ್ಕೊಳೋ ದಿನ ಎದುರಿಗೆ ಇಟ್ಕೊಂಡು ಓದ್ಕೊ.

ಮೊದಲನೇ ಮಾತು, ಅಂಡಿಗೆ ಮಾತ್ರ ಹಾಕ್ಕೋಬೇಡ. ನಾವೆಲ್ಲ ಚಿಕ್ಕಂದಿನಿಂದ ಇಂಜೆಕ್ಷನ್ ಅಂದ್ರೆ ಅಲ್ಲೇ ಅಂತ ನೋಡ್ಕೊಂಡು ಬೆಳೆದಿದೀವಿ, ಆದ್ರೆ ಆ ಮಾಂಸದ ಒಳಗೆ ಸಯಾಟಿಕ್ ನರ ಅಂತ ಒಂದಿದೆ, ಹೆಬ್ಬೆರಳಷ್ಟು ದಪ್ಪ, ಅಲ್ಲಿಂದ ಕಾಲಿನ ಹಿಂಭಾಗದಲ್ಲಿ ಇಳಿದು ಹೋಗತ್ತೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ರು ಬಂದಿದ್ರು, ಎಲ್ಲೋ ಅಂಡಿಗೆ ಹಾಕಿಸ್ಕೊಂಡಿದ್ರಂತೆ, ಸೂಜಿ ನರಕ್ಕೇ ತಾಗಿತ್ತು. ಕಾಲೆತ್ತಿದ್ರೆ ಪಾದ ಜೋತು ಬೀಳೋದು, ಎರಡು ಹೆಜ್ಜೆಗೊಂದ್ಸಲ ಚಪ್ಪಲಿ ಕಾಲಿಂದ ಜಾರಿ ನೆಲಕ್ಕೆ ಉಜ್ಕೊಂಡು ಬರೋದು, ಆ ಸದ್ದು ಇವತ್ತಿಗೂ ಕಿವೀಲಿದೆ. ಅದೂ ಅಲ್ದೆ ಅಲ್ಲಿ ಕೊಬ್ಬು ಜಾಸ್ತಿ, ಔಷಧಿ ಮಾಂಸಖಂಡಕ್ಕೆ ಹೋಗದೆ ಕೊಬ್ಬಲ್ಲೇ ಉಳ್ಕೊಂಡ್ಬಿಡಬಹುದು. ನಿನಗೆ ನೀನೇ ಹಾಕ್ಕೊಳ್ಳುವಾಗ ಹಿಂದಕ್ಕೆ ತಿರುಚ್ಕೊಂಡು ಜಾಗಾನೂ ಕಾಣಲ್ಲ, ಮಾಂಸಾನೂ ಬಿಗಿಯಾಗಿರತ್ತೆ.

ನಿನ್ನ ಜಾಗ ತೊಡೆ. ತೊಡೆ ಅಂದ್ರೆ ಎಲ್ಲಾ ತೊಡೆ ಅಲ್ಲ, ಹೊರಮಗ್ಗುಲು. ಕುರ್ಚಿ ಮೇಲೆ ಕೂತ್ಕೊ, ಪಾದ ನೆಲಕ್ಕೆ ಊರಿರ್ಲಿ, ಕಾಲು ಸಡಿಲ ಬಿಡು. ಸೊಂಟದ ಪಕ್ಕದಲ್ಲಿ, ತೊಡೆ ಶುರುವಾಗೋ ಕಡೆ ಒಂದು ಮೂಳೆ ಗುಂಡಗೆ ಉಬ್ಬಿಕೊಂಡು ಕೈಗೆ ಸಿಗತ್ತೆ, ಅದರ ಕೆಳಗೆ ಒಂದು ಅಂಗೈ ಅಗಲ ಬಿಡು. ಮಂಡಿಯಿಂದ ಮೇಲಕ್ಕೆ ಇನ್ನೊಂದು ಅಂಗೈ ಅಗಲ ಬಿಡು. ನಡುವೆ ಉಳಿದಿದ್ದರಲ್ಲಿ, ಪ್ಯಾಂಟಿನ ಹೊರಗಡೆ ಹೊಲಿಗೆ ಎಲ್ಲಿ ಬರತ್ತೋ ಅಲ್ಲಿಂದ ತೊಡೆ ಮುಂಭಾಗದ ನಡುಗೆರೆ ತನಕ ಒಂದು ಚೌಕ ಅಂದ್ಕೊ, ಅದರೊಳಗೆ ಎಲ್ಲಾದ್ರೂ ಸರಿ. ಅಲ್ಲಿರೋ ಮಾಂಸಖಂಡಕ್ಕೆ ವಾಸ್ಟಸ್ ಲ್ಯಾಟರಾಲಿಸ್ ಅಂತ ಹೆಸರು, ದೊಡ್ಡದು, ಅಕ್ಕಪಕ್ಕ ದೊಡ್ಡ ನರ ರಕ್ತನಾಳ ಇಲ್ಲ, ಕಣ್ಣಿಗೂ ಕಾಣತ್ತೆ ಕೈಗೂ ಎಟುಕತ್ತೆ. ನಡುಗೆರೆಯಿಂದ ಒಳಗಡೆಗೆ ಮಾತ್ರ ಹೋಗ್ಬೇಡ, ಒಳತೊಡೇಲಿ ದೊಡ್ಡ ರಕ್ತನಾಳ ಹರಿಯತ್ತೆ. ಸರಿಯಾಗಿ ನಡುಗೆರೆ ಮೇಲೇನೇ ಚುಚ್ಕೊಂಡ್ರೂ ನೋವು ಜಾಸ್ತಿ, ನಾನೇ ಒಂದ್ಸಲ ಸೋಮಾರಿತನಕ್ಕೆ ಅಲ್ಲಿ ಹಾಕ್ಕೊಂಡು ಎರಡು ದಿನ ಮೆಟ್ಟಿಲು ಹತ್ತುವಾಗೆಲ್ಲ ಬೈಕೊಂಡಿದೀನಿ.

ಸೊಂಟದ ಪಕ್ಕ ಇನ್ನೊಂದು ಒಳ್ಳೆ ಜಾಗ ಇದೆ, ನರ್ಸ್‌ಗಳಿಗೆ ಬಹಳ ಇಷ್ಟ. ಆ ಉಬ್ಬಿದ ಮೂಳೆ ಮೇಲೆ ಅಂಗೈ ಬುಡ ಇಟ್ಟು, ತೋರುಬೆರಳನ್ನ ಸೊಂಟದ ಮುಂದಿನ ಮೂಳೆ ತುದಿಗೆ, ಮಧ್ಯದ ಬೆರಳನ್ನ ಸೊಂಟದ ಮೇಲಂಚಿನ ಕಡೆಗೆ ಅಗಲಿಸಿದ್ರೆ ಎರಡರ ನಡುವೆ ವಿ ಥರ ಆಗತ್ತಲ್ಲ, ಆ ವಿ ಮಧ್ಯ. ತುಂಬ ಸೇಫು, ಆದ್ರೆ ನಮ್ಗೆ ನಾವೇ ಅಳತೆ ತಗೊಂಡು ಹಾಕ್ಕೊಳೋದು ಒದ್ದಾಟ, ನರ್ಸ್ ಹತ್ರ ಕೈ ಹಿಡಿಸಿ ಕಲಿತ್ಮೇಲೆ ನೋಡು. ತೋಳು ಬೇಡ. ಚುಚ್ಚೋಕೆ ಉಳಿಯೋದು ಒಂದೇ ಕೈ, ಸ್ವಲ್ಪ ಮೇಲೆ ಹೋದ್ರೆ ಭುಜದ ಕೀಲು, ಕೆಳಗೆ ಹೋದ್ರೆ ನರ.

ಒಂದೇ ಕಡೆ ಚುಚ್ತಾ ಇದ್ರೆ ಗಂಟು ಕಟ್ಟತ್ತೆ, ಅದಕ್ಕೆ ಈ ಸಲ ಎಡ ಮುಂದಿನ ಸಲ ಬಲ, ಅದೇ ತೊಡೇಗೆ ಮತ್ತೆ ಬಂದಾಗ ಹಳೇ ಜಾಗದಿಂದ ಒಂದಿಂಚು ಆಚೆ, ಕ್ಯಾಲೆಂಡರಲ್ಲಿ ಗುರ್ತು ಹಾಕ್ತಾ ಹೋಗು. ಗಂಟು, ಗಾಯದ ಕಲೆ, ಮಚ್ಚೆ, ಕೆಂಪಗಾಗಿರೋ ಚರ್ಮ ಇದ್ರೆ ಆ ಜಾಗ ಬಿಟ್ಬಿಡು.

ಸ್ಪಿರಿಟ್ ಒರೆಸಿ ಅರ್ಧ ನಿಮಿಷ ಒಣಗೋಕೆ ಬಿಡು, ಹಸಿ ಇರುವಾಗ್ಲೇ ಚುಚ್ಚಿದ್ರೆ ಉರಿಯತ್ತೆ, ಜನ ಸೂಜಿನ ಬೈತಾರೆ, ತಪ್ಪು ಸ್ಪಿರಿಟ್ಟಿಂದು. ಸೂಜಿ ನೆಟ್ಟಗೆ 90 ಡಿಗ್ರಿ, ಚುಚ್ಚೋದು ಚಕ್ಕಂತ, ಔಷಧಿ ತಳ್ಳೋದು ನಿಧಾನ, 1 ಎಂಎಲ್‌ಗೆ 10 ಸೆಕೆಂಡ್ ಎಣಿಸ್ಕೊ. ಸೂಜಿ ಡಾಕ್ಟರ್ ಬರ್ದಿರೋ ಉದ್ದದ್ದೇ ಇರ್ಲಿ, ಮನೇಲಿ ಇನ್ಸುಲಿನ್ ಸಿರಿಂಜ್ ಇದೆ ಅಂತ ಅದನ್ನ ತಗೋಬೇಡ, ಅದು ಚರ್ಮದಡಿ ಕೊಬ್ಬಿಗೆ ಅಂತಲೇ ಮಾಡಿರೋ ಗಿಡ್ಡ ಸೂಜಿ. ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರತ್ತಾ ನೋಡ್ಬೇಕಾ ಅಂತ ಕೇಳಿದ್ದೆ ಅಲ್ವಾ, ನಮ್ಮ ಕಾಲದಲ್ಲಿ ಎಲ್ಲರೂ ಎಳೀತಿದ್ರು, ಈಗ ಲಸಿಕೆಗೆ ಬೇಡ ಅಂತಾರೆ, ನಿನ್ನ ಔಷಧಿಗೆ ನಿನ್ನ ನರ್ಸ್ ಏನು ಹೇಳ್ತಾರೋ ಹಾಗೆ ಮಾಡು. ನಿಂದು ಬೇರೆ ಕೆಂಪು ಬಣ್ಣದ ಔಷಧಿ, ರಕ್ತ ಯಾವ್ದು ಔಷಧಿ ಯಾವ್ದು ಅಂತ ತಿಳಿಯೋದೂ ಕಷ್ಟ.

ಚುಚ್ಚಿದ ತಕ್ಷಣ ಕರೆಂಟ್ ಹೊಡೆದ ಹಾಗೆ ಕಾಲಿಗೆ ಜುಮ್ಮಂತ ಇಳೀತು ಅಂದ್ರೆ ಹಲ್ಲುಕಚ್ಚಿ ತಡ್ಕೋಬೇಡ, ತಕ್ಷಣ ತೆಗಿ. ಆಮೇಲೆ ಒಂದು ಹನಿ ರಕ್ತ ಬಂದ್ರೆ ಹತ್ತಿ ಒತ್ತಿ ಹಿಡ್ಕೊ, ಉಜ್ಜಬೇಡ. ಒಂದೆರಡು ದಿನ ನೋವು ಮಾಮೂಲಿ, ಆದ್ರೆ ಬಾವು ಹೆಚ್ತಾ ಹೋದ್ರೆ, ಬಿಸಿಯಾಗಿ ಕೀವು ಬಂದ್ರೆ, ಜ್ವರ ಬಂದ್ರೆ, ಕಾಲು ಜೋಮು ಬಿಡದೇ ಇದ್ರೆ ಡಾಕ್ಟರ್ ಹತ್ರ ಹೋಗು. ಮುಖ ಊದೋದು, ಉಸಿರು ಕಟ್ಟೋದು ಆದ್ರೆ ಕಾಯೋ ಮಾತೇ ಇಲ್ಲ, ನೇರ ಎಮರ್ಜೆನ್ಸಿಗೆ. ಅದಕ್ಕೇ ಮೊದಲ ಕೆಲವು ಸಲ ಒಬ್ಳೇ ಇದ್ದಾಗ ಹಾಕ್ಕೋಬೇಡ. ರಕ್ತ ತೆಳು ಮಾಡೋ ಮಾತ್ರೆ ಯಾವಾಗಾದ್ರೂ ಶುರು ಮಾಡಿದ್ರೆ ಸೂಜಿ ಮುಟ್ಟೋ ಮುಂಚೆ ಡಾಕ್ಟರ್‌ಗೆ ತಿಳಿಸು.

ಬಳಸಿದ ಸೂಜಿಗೆ ಕ್ಯಾಪ್ ವಾಪಸ್ ಹಾಕೋಕೆ ಹೋಗ್ಬೇಡ, ನರ್ಸ್‌ಗಳ ಬೆರಳಿಗೆ ಸೂಜಿ ಚುಚ್ಕೊಳೋದು ಎಷ್ಟೋ ಸಲ ಆವಾಗ್ಲೇ. ದಪ್ಪ ಪ್ಲಾಸ್ಟಿಕ್ ಡಬ್ಬಿ ಪಕ್ಕದಲ್ಲೇ ಇಟ್ಕೊಂಡು ಹಾಗೇ ಒಳಗೆ ಹಾಕು, ತುಂಬಿದ್ಮೇಲೆ ಎಲ್ಲಿ ಕೊಡೋದು ಅಂತ ಅದೇ ನರ್ಸ್‌ನ ಕೇಳ್ಕೊ.

ಬುಧವಾರ ಹಾಕ್ಕೊಳೋ ಮುಂಚೆ ವಿಡಿಯೋ ಕಾಲ್ ಮಾಡು. ಸಿರಿಂಜ್ ಆಚೆಗಿರ್ಲಿ, ಮೊದಲು ಪೆನ್ ತಗೊಂಡು ತೊಡೆ ಮೇಲೆ ಆ ಚೌಕ ಬರೆದು ತೋರಿಸು, ನಾನು ಹೂಂ ಅಂದ್ಮೇಲೆ ಔಷಧಿ ತುಂಬ್ಕೊ.

ನಿನ್ನ ದೊಡ್ಡಮ್ಮ