ಚರ್ಚೆ ಮುಗಿಸುವ ಮೊದಲು ರಾಶಿಯಾದರೂ ಆಗಲಿ

ಮಾನ್ಯ ಸಂಪಾದಕರೇ,

ಕಡಲೆಯ ಸೊರಗು ರೋಗದ ಬಗ್ಗೆ ತಮ್ಮ ಓದುಗರ ಅಂಕಣದಲ್ಲಿ ನಡೆಯುತ್ತಿದ್ದ ಚರ್ಚೆಯನ್ನು ಕಳೆದ ಹಿಂಗಾರಿನಲ್ಲಿ ‘ಈ ವಿಷಯದ ಪತ್ರಗಳನ್ನು ಇನ್ನು ಪ್ರಕಟಿಸುವುದಿಲ್ಲ’ ಎಂಬ ಒಂದೇ ಸಾಲಿನಿಂದ ಮುಗಿಸಿದಿರಿ. ಆಗ ಡೋಣಿ ನದಿ ದಂಡೆಯ ನಮ್ಮ ಎರೆ ಹೊಲಗಳಲ್ಲಿ ಕಡಲೆ ಇನ್ನೂ ಹೂವಿಗೂ ಬಂದಿರಲಿಲ್ಲ. ಬಿತ್ತುವ ಮೊದಲು ಬೀಜಕ್ಕೆ ರೋಗ ತಡೆಯುವ ಲೇಪ ಕೊಟ್ಟು ಬೀಜೋಪಚಾರ ಮಾಡಿದವರು ಗೆದ್ದರೋ, ‘ಅದೆಲ್ಲ ಸುಮ್ಮನೆ ಖರ್ಚು’ ಎಂದವರು ಗೆದ್ದರೋ ಎಂಬುದು ಫೆಬ್ರುವರಿಗೆ ಮೊದಲು ತಿಳಿಯುವ ಮಾತೇ ಅಲ್ಲ. ನಮ್ಮ ಊರಿನವರೊಬ್ಬರು ಹೊಲದ ಒಂದು ಪಟ್ಟಿಗೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸಿ, ಪಕ್ಕದ ಪಟ್ಟಿಯನ್ನು ಹಾಗೆಯೇ ಬಿತ್ತಿ, ರಾಶಿ, ಅಂದರೆ ಒಕ್ಕಣೆ, ಮುಗಿದ ಮೇಲೆ ಎರಡರ ಲೆಕ್ಕವನ್ನೂ ಬರೆದು ತಮಗೆ ಕಳುಹಿಸಿದರು. ‘ವಿಷಯ ಹಳೆಯದಾಯಿತು’ ಎಂಬ ಉತ್ತರ ಬಂತು.

ಹಳೆಯದಾದದ್ದು ಯಾವುದು? ರೋಗವಂತೂ ಅಲ್ಲ. ಈ ಸೊರಗು ರೋಗದ ಶಿಲೀಂಧ್ರ ಕಡಲೆಯನ್ನೇ ಬೆಳೆಯದಿದ್ದರೂ ಮಣ್ಣಿನಲ್ಲಿ ಆರು ವರ್ಷದವರೆಗೂ ಉಳಿಯಬಲ್ಲದು. ಬಿಳಿಜೋಳದೊಂದಿಗೆ ಸರದಿ ಹಾಕಿದರೆ ಎಷ್ಟು ಗುಣ ಕಾಣುತ್ತದೆ ಎಂದು ಹೇಳಬೇಕಾದವನು ಕೆಲವು ಹಿಂಗಾರುಗಳನ್ನಾದರೂ ಕಾಯಲೇಬೇಕು. ಅಂಥ ವಿಷಯಕ್ಕೆ ಹದಿನೈದು ದಿನದ ಗಡುವು ಕೊಟ್ಟರೆ ಬರೆಯಲು ಉಳಿಯುವವರು ಯಾರು? ಏನನ್ನೂ ಮಾಡಿ ನೋಡದೆ ಅಭಿಪ್ರಾಯ ಮಾತ್ರ ಇಟ್ಟುಕೊಂಡವರು. ಅವರ ಪತ್ರ ಬೇಗ ಬರುತ್ತದೆ, ಬರಹವೂ ಸೊಗಸಾಗಿರುತ್ತದೆ.

ತಾವು ಮುಗಿಸಿದ ಚರ್ಚೆ ನಿಂತದ್ದಾದರೂ ಎಲ್ಲಿ? ಒಬ್ಬರು ಜೆಜಿ-11 ತಳಿ ಹಾಕಿದರೆ ರೋಗದ ಭಯವಿಲ್ಲ ಎಂದರು, ಇನ್ನೊಬ್ಬರು ಅದೇ ತಳಿ ತಮ್ಮಲ್ಲಿ ಒಣಗಿತು ಎಂದರು. ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ, ಬುತ್ತಿ ಬಿಚ್ಚುವ ಮೊದಲು, ನಮ್ಮ ಹಿರಿಯರೊಬ್ಬರು ಜೋತುಬಿದ್ದ ಒಂದು ಕಡಲೆ ಗಿಡವನ್ನು ಕಿತ್ತರು. ಎಲೆ ಇನ್ನೂ ಹಸಿರಿತ್ತು, ಬೇರು ಹೊರಗಿನಿಂದ ಗಟ್ಟಿಯಾಗಿಯೇ ಇತ್ತು. ಉಗುರಿನಿಂದ ಬೇರನ್ನು ಉದ್ದಕ್ಕೆ ಸೀಳಿದಾಗ ನಡುವೆ ಕಡುಕಂದು ಗೆರೆಯೊಂದು ಕಾಂಡದವರೆಗೆ ಏರಿತ್ತು. ಅದು ಸೊರಗು ರೋಗ. ಒಣ ಬೇರು ಕೊಳೆ ಎಂಬುದು ಬೇರೆಯೇ ರೋಗ. ಬಿಸಿಲು ಏರಿ ಹೊಲದ ತೇವ ಆರಿದ ಮೇಲೆ ಅದರ ಹಾವಳಿ ಹೆಚ್ಚು. ಅದರಲ್ಲಿ ಗಿಡ ಕಿತ್ತರೆ ಕವಲು ಬೇರುಗಳು ಉಳಿದಿರುವುದಿಲ್ಲ, ತಾಯಿಬೇರು ಪಟ್ಟನೆ ಮುರಿಯುತ್ತದೆ. ಒಂದು ರೋಗವನ್ನು ತಡೆಯುವ ತಳಿ ಇನ್ನೊಂದನ್ನೂ ತಡೆಯಬೇಕೆಂದೇನೂ ಇಲ್ಲ. ಅಂಕಣದ ಅರ್ಧ ಪತ್ರಗಳು ಈ ಎರಡನ್ನೂ ಒಂದೇ ಹೆಸರಿನಲ್ಲಿ ಕರೆದು ಜಗಳವಾಡಿದವು. ಇದನ್ನು ಬಿಡಿಸಿ ಹೇಳುವ ಪತ್ರ ಬರುವಷ್ಟರಲ್ಲಿ ತಮ್ಮ ಬಾಗಿಲು ಹಾಕಿತ್ತು.

ಎಲ್ಲ ಚರ್ಚೆಯನ್ನೂ ಎಳೆಯುತ್ತ ಹೋಗಿ ಎಂದು ನಾನು ಕೇಳುತ್ತಿಲ್ಲ. ಅಂಕಣದ ಜಾಗ ಇಷ್ಟೇ ಎಂಬುದು ನಮಗೂ ಕಾಣುತ್ತದೆ. ಇಬ್ಬರೇ ಬರೆಯುತ್ತಿದ್ದಾರೆ, ಹೊಸದೇನೂ ಇಲ್ಲ, ಬೆಳೆಯ ಮಾತು ಬಿಟ್ಟು ಒಬ್ಬರ ಜಮೀನನ್ನು ಇನ್ನೊಬ್ಬರು ಹಂಗಿಸತೊಡಗಿದ್ದಾರೆ ಎಂದರೆ ಅಂದೇ ನಿಲ್ಲಿಸಿ, ಯಾರೂ ತಮ್ಮನ್ನು ದೂರುವುದಿಲ್ಲ.

ಇನ್ನು ಕೆಲವನ್ನು ದೊಡ್ಡ ಅಕ್ಷರದಲ್ಲಿ ಸಾರಿ ಹೇಳಿಯೇ ಮುಗಿಸಬೇಕು. ಪತ್ರಿಕೆಯ ಕೃಷಿ ಬರಹಗಳನ್ನು ಕತ್ತರಿಸಿ ಲೆಕ್ಕದ ವಹಿಯಲ್ಲಿ ಅಂಟಿಸುವ ರೂಢಿ ನಮ್ಮ ಕಡೆಯ ಅನೇಕರಿಗಿದೆ. ನನ್ನ ಸಂಬಂಧಿಕರೊಬ್ಬರ ವಹಿಯಲ್ಲಿ, ಸಾಲದ ಬಡ್ಡಿಯ ಲೆಕ್ಕದ ಎದುರು ಪುಟದಲ್ಲಿ, ತೊಗರಿಯ ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಸಿಂಪಡಿಸಿ ಎಂಬ ಓದುಗರ ಸಲಹೆಯೊಂದು ಇಂದಿಗೂ ಅಂಟಿಕೊಂಡಿದೆ. ಆ ಕೀಟನಾಶಕದ ತಯಾರಿಕೆ, ಮಾರಾಟ, ಬಳಕೆಯನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ನಿಲ್ಲಿಸಿತು. ತುಣುಕಿನಲ್ಲಿ ಪ್ರಮಾಣವಿದೆ, ಎಷ್ಟು ನೀರಿಗೆ ಎಷ್ಟು ಎಂಬುದಿದೆ, ಪ್ರಕಟವಾದ ದಿನಾಂಕ ಮಾತ್ರ ಕತ್ತರಿಗೆ ಹೋಗಿದೆ. ‘ಈ ಸಲಹೆ ಈಗ ಸಲ್ಲದು’ ಎಂದು ಪತ್ರಿಕೆಯೇ ಹೇಳದಿದ್ದರೆ ಹಳೆಯ ಪತ್ರ ಹೊಸದರಂತೆಯೇ ಓದಿಸಿಕೊಳ್ಳುತ್ತದೆ.

ಮುಗಿಸುವ ಕ್ರಮವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಚಾವತ್ ಅಧ್ಯಕ್ಷತೆಯ ಕೃಷ್ಣಾ ನ್ಯಾಯಮಂಡಳಿ 1976ರಲ್ಲಿ ಅಂತಿಮ ತೀರ್ಪು ಕೊಟ್ಟಾಗ 2,060 ಟಿಎಂಸಿ ಅಡಿ ನೀರನ್ನು ಮೂರು ರಾಜ್ಯಗಳಿಗೆ ಹಂಚಿತು. ಕರ್ನಾಟಕಕ್ಕೆ ಬಂದದ್ದು 700. ಆದರೆ ಅದೇ ತೀರ್ಪಿನಲ್ಲಿ, 2000ದ ಮೇ 31ರ ನಂತರ ಇದನ್ನು ಮರುಪರಿಶೀಲಿಸಬಹುದು ಎಂದೂ ಬರೆದಿಟ್ಟಿತು. 2004ರಲ್ಲಿ ಎರಡನೆಯ ನ್ಯಾಯಮಂಡಳಿ ರಚನೆಯಾಯಿತು. ಅದರಿಂದ ಜಗಳ ತೀರಿತು ಎಂದು ನಾನು ಹೇಳಿದರೆ ಆಲಮಟ್ಟಿ ಹಿನ್ನೀರಿನವರು ನಕ್ಕಾರು. ಆದರೂ ಏನು ನಿಶ್ಚಯವಾಗಿದೆ, ಮತ್ತೆ ಯಾವಾಗ ಮಾತನಾಡಬಹುದು ಎಂಬ ಎರಡೂ ಕಾಗದದ ಮೇಲಿದ್ದವು. ನದಿಗೇ ಅಷ್ಟು ಸಂದಿದ್ದರೆ ಕಡಲೆಗೆ ಒಂದು ಸಾಲು ಹೆಚ್ಚಾಗಲಾರದು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಬೆಳೆಯ ಚರ್ಚೆಯನ್ನು ಆ ಬೆಳೆಯ ರಾಶಿಗೆ ಮೊದಲು ಮುಗಿಸಬೇಡಿ. ನಡುವೆ ಜಾಗ ಬೇಕಾದರೆ ತಡೆಹಿಡಿಯಿರಿ, ತಡೆಹಿಡಿದಿದ್ದೇವೆ ಎಂದು ತಿಳಿಸಿ. ಮುಗಿಸುವಾಗ ಯಾವುದಕ್ಕೆ ಎಲ್ಲರೂ ಒಪ್ಪಿದರು, ಯಾವುದು ಇತ್ಯರ್ಥವಾಗಲಿಲ್ಲ ಎಂಬುದನ್ನು ನಾಲ್ಕು ಸಾಲಿನಲ್ಲಿ ಹಾಕಿ. ಆಮೇಲೆ ಯಾರಾದರೂ ತೂಕ ಮಾಡಿದ ಲೆಕ್ಕವನ್ನೋ ಸೀಳಿ ನೋಡಿದ ಬೇರನ್ನೋ ಹಿಡಿದು ಬಂದರೆ ತಾರೀಖು ನೋಡಿ ಅವರನ್ನು ಹಿಂದಕ್ಕೆ ಕಳುಹಿಸಬೇಡಿ.

ಬಿತ್ತನೆ ಹತ್ತಿರ ಬರುತ್ತಿದೆ. ಈ ಸಲದ ರಾಶಿಯ ಲೆಕ್ಕಕ್ಕೆ ಅಂಕಣದಲ್ಲಿ ಜಾಗವುಂಟೋ ಇಲ್ಲವೋ ಎಂಬುದನ್ನು ಈಗಲೇ ತಿಳಿಸಿದರೆ, ನಮ್ಮೂರಿನ ಕೆಲವರು ಪಟ್ಟಿ ಬೇರೆ ಬೇರೆ ಮಾಡಿ ಬಿತ್ತಲು ತಯಾರಿದ್ದಾರೆ.

ಇತಿ,
ಡೋಣಿ ದಂಡೆಯ ಒಬ್ಬ ರೈತ
ತಾಳಿಕೋಟೆ ತಾಲ್ಲೂಕು, ವಿಜಯಪುರ ಜಿಲ್ಲೆ